ರಾಗಿ ಹೊಲಕ್ಕೆ ಬಿದ್ದ ಗ್ರಹದ ದೃಷ್ಟಿ

ನಾನು ಯಾರ ತಂಟೆಗೂ ಹೋಗುವವನಲ್ಲ. ತಂಟೆಗಳೇ ನನ್ನ ಸೈಕಲ್ಲಿನ ಕ್ಯಾರಿಯರ್ ಮೇಲೆ ಹತ್ತಿ ಕೂರುತ್ತವೆ, ಏನು ಮಾಡಲಿ? ಎಪ್ಪತ್ತರ ದಶಕದ ಕೊನೆಯಲ್ಲಿ ಬೆಂಗಳೂರಿನ ಒಂದು ಕಚೇರಿಯಲ್ಲಿ ನನಗೆ ಟೆಂಪರರಿ ಕೆಲಸ. ಉಪಗ್ರಹ ತೆಗೆದ ಚಿತ್ರ ನೋಡಿ, ಎಲ್ಲಿ ಎಷ್ಟು ಪೈರು ಬೆಳೆದಿದೆ ಅಂತ ಸೂತ್ರ ಹಾಕಿ ಹೇಳುವವರು ಸಾಹೇಬರು. ಅದು ನಿಜವೋ ಸುಳ್ಳೋ ಅಂತ ದೊಡ್ಡಬಳ್ಳಾಪುರದ ಕಡೆ ಹೊಲ ಹೊಲ ಅಲೆದು, ಒಂದೊಂದು ಚೌಕ ರಾಗಿ ಕೊಯ್ದು, ಒಣಗಿಸಿ ತೂಗುವವನು ನಾನು. ಸೂತ್ರಕ್ಕೂ ತಕ್ಕಡಿಗೂ ತಾಳೆಯಾದರೆ ಕೆಲಸ ಕಾಯಂ. ಕಾಯಂ ಆದರೆ ಮದುವೆ. "ಟೆಂಪರರಿ ಅಳಿಯ ನಮಗೆ ಬೇಡ" ಅಂತ ಹೆಣ್ಣಿನ ತಂದೆ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

ಯಾವ ಗ್ರಹ?

ದೊಡ್ಡಬೆಳವಂಗಲದ ಹತ್ತಿರ ಒಬ್ಬ ಅಜ್ಜಿಯ ಹೊಲ ಆರಿಸಿಕೊಂಡೆ. "ಅಜ್ಜೀ, ಮೇಲಿಂದ ಉಪಗ್ರಹ ನಿಮ್ಮ ಹೊಲ ನೋಡ್ತಿರುತ್ತೆ" ಅಂದೆ.

ಅಜ್ಜಿ ಕುಡುಗೋಲು ಕೆಳಗಿಟ್ಟಳು. "ಯಾವ ಗ್ರಹಾನಪ್ಪಾ? ಶನಿನಾ?"

"ಅಲ್ಲಜ್ಜೀ, ಇದು ಮನುಷ್ಯರೇ ಮಾಡಿ ಬಿಟ್ಟಿದ್ದು."

"ಅಯ್ಯೋ ನಿಮ್ ಮನೆ ಹಾಳಾಗ! ಇರೋ ಒಂಬತ್ತು ಸಾಲ್ದು ಅಂತ ಇನ್ನೊಂದು ಬಿಟ್ಟವ್ರಾ?"

ಮುಂದಿನ ಸಲ ಹೋದಾಗ ನಾನು ಹಗ್ಗ ಕಟ್ಟಿ ಗುರುತು ಮಾಡಿದ್ದ ಚೌಕದ ನಟ್ಟನಡುವೆ ದೃಷ್ಟಿಬೊಂಬೆ ನಿಂತಿತ್ತು. ಅದನ್ನು ನೆಡುವ ಭರದಲ್ಲಿ ಪೈರೆಲ್ಲ ತುಳಿದು ಚಪ್ಪಟೆ. ಬೇರೆ ಕಡೆ ಇನ್ನೊಂದು ಚೌಕ ಕಟ್ಟಿದೆ. ಬೊಂಬೆ ಅಲ್ಲಿಗೂ ಬಂತು.

ಕೆಂಪು ಊರು

ನಮ್ಮ ಚಿತ್ರದಲ್ಲಿ ಹಸಿರೆಲ್ಲ ಕೆಂಪಾಗಿ ಬೀಳುತ್ತದೆ. ಕೆಂಪು ಹೆಚ್ಚಿದಷ್ಟೂ ಪೈರು ಸೊಂಪು ಅಂತ ಲೆಕ್ಕ. ಅದನ್ನು ಅದೇ ತಾಲ್ಲೂಕಿನ ಮಧುರೆ ಅನ್ನೋ ಊರಿನ ಟೀ ಅಂಗಡಿಯಲ್ಲಿ ಬಿಚ್ಚಬಾರದಿತ್ತು, ಬಿಚ್ಚಿದೆ.

"ಏನಪ್ಪಾ, ನಮ್ ತೋಟ ಸುಟ್ಟೋಗೈತಾ?" ಅಂತ ಪಕ್ಕದಲ್ಲಿದ್ದ ಗೌಡರು ಗಾಬರಿಯಾದರು.

"ಇಲ್ಲ ಗೌಡ್ರೇ, ಇದು ಹಸಿರನ್ನ ಕೆಂಪಾಗಿ ತೋರಿಸುತ್ತೆ."

"ಮತ್ತೆ ಕೆಂಪು ಮಣ್ಣು?"

"ಅದು ಹಸಿರಾಗಿ ಕಾಣುತ್ತೆ."

ಗೌಡರು ಲೋಟ ಕೆಳಗಿಟ್ಟು, ದನಿ ತಗ್ಗಿಸಿ ಕೇಳಿದರು: "ಈ ಪೋಟೋ ತೆಗ್ದೋನು ಎಷ್ಟು ಹಾಕಿದ್ನಂತೆ?"

ಮೋಡ

ಉಪಗ್ರಹ ನಮ್ಮ ತಾಲ್ಲೂಕಿನ ಮೇಲೆ ಹಾಯುವ ದಿನ ನಾನು ಹೊಲದಲ್ಲೇ ಇರಬೇಕು. ಅದು ಹಾಯುವ ದಿನವೇ ಮೋಡ ಕವಿಯುತ್ತಿತ್ತು. ಚಿತ್ರ ಬಂದರೆ ಬರೀ ಹತ್ತಿ ಹಾಸಿಗೆ. ಸಾಹೇಬರ ಸಿಟ್ಟು ಮಾತ್ರ ನನ್ನ ಮೇಲೆ.

"ನೀನು ಅಲ್ಲೇ ಇದ್ದೆ ತಾನೆ? ಏನು ಮಾಡ್ತಿದ್ದೆ?"

"ನೆನೀತಿದ್ದೆ ಸಾರ್."

ಹಾರ

ಸಾಕಪ್ಪಾ ಈ ಕೆಲಸ ಅನ್ನಿಸುವ ಹೊತ್ತಿಗೆ ಒಂದು ಚಿತ್ರ ಶುಭ್ರವಾಗಿ ಬಂತು. ಸಾಹೇಬರು ಅದರಲ್ಲೊಂದು ಕಡುಗೆಂಪು ಜಾಗ ಹಿಡಿದರು. ಸೂತ್ರದ ಪ್ರಕಾರ ಇಡೀ ತಾಲ್ಲೂಕಿನಲ್ಲಿ ಅಂಥ ಬೆಳೆ ಇನ್ನೊಂದಿಲ್ಲ. ಹಿಗ್ಗಿಹೋದರು. "ಇದನ್ನ ಬೆಳೆದೋನಿಗೆ ನಾನೇ ಹಾರ ಹಾಕ್ತೀನಿ. ನಿನ್ನ ಕಾಯಂ ವಿಷಯಾನೂ ಅಲ್ಲೇ ಹೇಳ್ಬಿಡ್ತೀನಿ ನಡಿ" ಅಂತ ಸೇವಂತಿಗೆ ಹಾರ ತರಿಸಿ ಜೀಪು ಹತ್ತಿದರು. ಜಾಗ ಯಾವುದು ಅಂತ ನನಗೆ ತೋರಿಸಲೂ ಇಲ್ಲ.

ಜೀಪು ಹೋಗಿ ನಿಂತಿದ್ದು ಅಜ್ಜಿಯ ಊರಿನ ಕೆರೆ ಏರಿಯ ಮೇಲೆ. ಎದುರಿಗೆ ಕೆರೆ. ನೀರೇ ಕಾಣದ ಹಾಗೆ ದಡದಿಂದ ದಡಕ್ಕೆ ಅಂತರಗಂಗೆ ಕಳೆ ಸೊಂಪಾಗಿ ಹಬ್ಬಿತ್ತು. ಹೋಯ್ತು ನನ್ನ ಮದುವೆ ಅಂದುಕೊಂಡೆ.

ಎಮ್ಮೆ ಹೊಡೆದುಕೊಂಡು ಬಂದ ಅಜ್ಜಿ, ಹಾರ ಯಾರಿಗೆ ಅಂತ ಕೇಳಿದಳು. ಹೇಳದೆ ವಿಧಿಯಿರಲಿಲ್ಲ, ಹೇಳಿದೆ. ಸೊಂಟ ಹಿಡಿದುಕೊಂಡು ನಕ್ಕಳು. "ನಿಮ್ ಗ್ರಹದ ದಿಷ್ಟಿ ತಾಕ್ತೈತೆ ಅಂತ ಸುಮ್ನೆ ಬೊಂಬೆ ಕಟ್ದೆನಲ್ಲಪ್ಪಾ! ದಿಷ್ಟಿ ತಾಕೋಕೆ ಮೊದ್ಲು ಕಣ್ಣು ಕಾಣ್ಬೇಕಲ್ಲಾ!"

ಸಾಹೇಬರು ಹಾರ ಹಿಡಿದುಕೊಂಡೇ ಚಿತ್ರವನ್ನೂ ಕೆರೆಯನ್ನೂ ಮತ್ತೆ ಮತ್ತೆ ತಾಳೆ ನೋಡಿದರು. ಆಮೇಲೆ ನಿಟ್ಟುಸಿರುಬಿಟ್ಟು, "ಕಣ್ಣು ಕಾಣದ್ದನ್ನ ಕೈಹಿಡಿದು ನಡೆಸೋಕೆ ಯಾವಾಗ್ಲೂ ಒಬ್ಬ ಬೇಕೇ ಬೇಕಲ್ಲಯ್ಯ. ನಿನ್ನ ಕಾಯಂ ಮಾಡಿಸ್ತೀನಿ" ಅಂದರು. ಅಷ್ಟರಲ್ಲಿ ಅರ್ಧ ಹಾರ ಎಮ್ಮೆಯ ಬಾಯಲ್ಲಿತ್ತು.

ಹೀಗೆ ಆ ವರ್ಷ ನಾನು ಇಬ್ಬರ ಕೈ ಹಿಡಿದೆ. ಒಬ್ಬರಿಗೆ ಏನೂ ಕಾಣುತ್ತಿರಲಿಲ್ಲ. ಇನ್ನೊಬ್ಬರಿಗೆ ನಾನು ಎಲ್ಲಿ ಬೀಡಿ ಬಚ್ಚಿಟ್ಟರೂ ಇವತ್ತಿಗೂ ಕಾಣುತ್ತದೆ.