ಬಚ್ಚಲುಮನೆಗೆ ಬಂದ ಸಮುದ್ರ

ನಲವತ್ತು ದಾಟಿದ ಗಂಡಸಿಗೆ ಒಂದಾದರೂ ಗುಟ್ಟು ಇರಬೇಕು. ಇಲ್ಲದಿದ್ದರೆ ಸಂಸಾರದಲ್ಲಿ ತನ್ನದು ಅಂತ ಹೇಳಿಕೊಳ್ಳಲು ಅವನಿಗೆ ಉಳಿಯುವುದಾದರೂ ಏನು? ನನ್ನ ಗುಟ್ಟು ಬಚ್ಚಲುಮನೆಯ ಅಟ್ಟದ ಮೇಲೆ, ಹಳೆಯ ಪೌಡರ್ ಡಬ್ಬಿಯೊಳಗಿತ್ತು: ತಲೆಗೂದಲಿಗೆ ಹಚ್ಚುವ ಕಪ್ಪು ಬಣ್ಣ. ತಿಂಗಳಿಗೊಂದು ಭಾನುವಾರ ಚಿಲಕ ಹಾಕಿಕೊಂಡು ಹಚ್ಚಿ, ತೊಳೆದು ಹೊರಬಂದರೆ ಮಾರನೆಯ ದಿನ ಆಫೀಸಿನಲ್ಲಿ "ನಿಮಗೆ ವಯಸ್ಸೇ ಆಗಲ್ಲ ಕಣ್ರೀ" ಅನ್ನುತ್ತಿದ್ದರು. ಹೆಂಡತಿ ಸರೋಜಳಿಗಾಗಲಿ ನನ್ನ ಅಮ್ಮನಿಗಾಗಲಿ ಇದರ ಸುಳಿವೇ ಇಲ್ಲವೆಂದು ನಾನು ನೆಮ್ಮದಿಯಾಗಿದ್ದೆ.

ಅಷ್ಟರಲ್ಲಿ ಸರೋಜಳ ತಮ್ಮ ಶೀನು ಬಂದ. ಪ್ರಾಣಿಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದ. ಮತ್ತಿಕೆರೆಯಲ್ಲಿ ಅವನ ಕೋಣೆಯ ಮಾಲೀಕರು ಒಳಗೆ ಬಿಡಲಿಲ್ಲವೆಂದು ಒಂದು ಟಬ್ಬು ಸಮುದ್ರದ ಬಸವನಹುಳುಗಳನ್ನೂ ಒಂದು ದೊಡ್ಡ ಕ್ಯಾನು ಸಮುದ್ರದ ನೀರನ್ನೂ ಆಟೋದಲ್ಲಿ ಹೇರಿಕೊಂಡು ಸಂಜಯನಗರದ ನಮ್ಮ ಮನೆಗೆ ತಂದ. ಎಂಬತ್ತರ ದಶಕದ ಆ ಬೇಸಿಗೆಯಲ್ಲಿ ನಮ್ಮ ನಲ್ಲಿಗೆ ದಿನ ಬಿಟ್ಟು ದಿನ ನೀರು. ಅಂಥ ಬೀದಿಗೆ ಇವನು ಉಪ್ಪುನೀರು ಹೊತ್ತು ತಂದದ್ದನ್ನು ನೋಡಿ ಪಕ್ಕದ ಮನೆಯವರು ನಕ್ಕರು. ಅಮ್ಮ ನಗಲಿಲ್ಲ.

"ಹುಳ ಸಾಕೋಕೆ ಇದೇನು ಮನೆಯೋ, ಕೆರೆಯೋ?"

"ಅತ್ತೆ, ನಿಮ್ಮ ದೇವರ ಮನೇಲಿರೋ ಶಂಖಾನೂ ಇವುಗಳ ಬಳಗದ್ದೇ" ಎಂದ ಶೀನು.

ಅಮ್ಮ ಟಬ್ಬನ್ನು ಬಚ್ಚಲುಮನೆಯ ಮೂಲೆಯಲ್ಲಿ ಇಡಿಸಿ, ಅದರ ಅಂಚಿಗೆ ಅರಿಶಿನ ಕುಂಕುಮ ಇಟ್ಟಳು.

ಶೀನು ಹೇಳಿದ ಪ್ರಕಾರ, ಸಮುದ್ರದ ನೀರನ್ನು ಪರೀಕ್ಷಿಸಿದರೆ ಆ ದಿನದ ಕೊಳೆ ಮಾತ್ರ ತಿಳಿಯುತ್ತದಂತೆ. ಬಸವನಹುಳು ಕೂತಲ್ಲೇ ಕೂತು ಬಂದದ್ದನ್ನೆಲ್ಲ ಅನುಭವಿಸುವುದರಿಂದ ಅದರ ಮೈಯೇ ಸಾಕ್ಷಿಯಂತೆ. ಬಂದರಿನಲ್ಲಿ ದೋಣಿಗಳ ತಳಕ್ಕೆ ಬಳಿಯುವ ಬಣ್ಣ ಈ ಹುಳುಗಳಿಗೆ ವಿಷ ಎಂದು ಶೀನು ಎಲ್ಲರಿಗೂ ವಿವರಿಸಿದ. ಅದರಿಂದ ಹೆಣ್ಣು ಹುಳುಗಳಿಗೆ ಗಂಡಿನ ಅಂಗ ಮೂಡುತ್ತದೆ ಎಂಬ ಭಾಗವನ್ನು ಅಮ್ಮ ಅಡುಗೆಮನೆಗೆ ಹೋದ ಮೇಲೆ ನನಗೊಬ್ಬನಿಗೇ ಹೇಳಿದ. ನಮ್ಮ ಟಬ್ಬಿನವು ದೋಣಿ ಸುಳಿಯದ ತೀರದವು. ಬಂದರಿನವುಗಳ ಜೊತೆ ಹೋಲಿಸಲು ಇವು ಸೋಮವಾರದವರೆಗೆ ಬದುಕಿರಬೇಕು, ಇಲ್ಲದಿದ್ದರೆ ಅವನ ಇಷ್ಟು ದಿನದ ಓಡಾಟ ದಂಡ.

ಭಾನುವಾರ ಬಂತು. ದುರದೃಷ್ಟಕ್ಕೆ ಅದು ನನ್ನ ಭಾನುವಾರ. ಬಸವನಹುಳು ನೋಡಿದರೂ ಯಾರಿಗೆ ಹೇಳೀತು ಎಂಬ ಧೈರ್ಯದಲ್ಲಿ ಚಿಲಕ ಹಾಕಿಕೊಂಡೆ.

ನಾನು ಹೊರಬಂದು ಸ್ವಲ್ಪ ಹೊತ್ತಿಗೆಲ್ಲ ಶೀನುವಿನ ಗೋಳು ಕೇಳಿತು. ಟಬ್ಬಿನ ಗೋಡೆ ಹತ್ತಿಕೊಂಡಿದ್ದ ಹುಳುಗಳೆಲ್ಲ ತಳಕ್ಕೆ ಬಿದ್ದು ಚಿಪ್ಪಿನ ಬಾಗಿಲು ಮುಚ್ಚಿಕೊಂಡಿದ್ದವು.

"ಅಕ್ಕಾ, ಫಿನೈಲ್ ಹಾಕಿದ್ಯಾ?"

"ನೀನು ಬಂದಾಗಿಂದ ಬಚ್ಚಲು ತೊಳೆಯೋಕೇ ಬಿಟ್ಟಿಲ್ಲ, ಫಿನೈಲ್ ಎಲ್ಲಿಂದ ಹಾಕ್ಲಿ?" ಎಂದು ಸರೋಜ ರೇಗಿದಳು. ಮುಂದೆ ಅವನ ಅನುಮಾನ ಅಮ್ಮನ ಸೀಗೆಪುಡಿಯ ಮೇಲೆ ಹೋಯಿತು. ಅಮ್ಮ ಮುಖ ತಿರುಗಿಸಿದಳು. ನಾನು ಪೇಪರಿನ ಹಿಂದೆ ನನ್ನ ಬಾಗಿಲು ಮುಚ್ಚಿಕೊಂಡು ಕೂತಿದ್ದೆ. ಹುಡುಗನ ಕಣ್ಣಲ್ಲಿ ನೀರು ನೋಡಿ ಪೇಪರನ್ನು ಇನ್ನಷ್ಟು ಮೇಲಕ್ಕೆತ್ತಿದೆ.

ಹುಳುಗಳನ್ನು ಕ್ಯಾನಿನ ಹೊಸ ನೀರಿಗೆ ಹಾಕುವಾಗ ಶೀನುವಿಗೆ ಒಂದು ಬಿಳಿ ಚಿಪ್ಪಿನ ಮೇಲೆ ಕಪ್ಪು ಕಲೆ ಕಂಡಿತು. ಮೂಸಿ ನೋಡಿದ. ನೇರ ಬಂದು ನನ್ನ ಪೇಪರ್ ಸರಿಸಿ ಕಿವಿಯನ್ನು ನೋಡಿದ. ಅಲ್ಲೂ ಒಂದು ಕಲೆಯಿತ್ತು.

"ಭಾವ..." ಎಂದು ಕಲೆಯನ್ನು ಬೆರಳಿಟ್ಟು ತೋರಿಸಿದ.

ಅಮ್ಮ ಇತ್ತ ತಿರುಗಿದಳು. "ದೋಣಿಗಾದ್ರೆ ಬಣ್ಣ ಬೇಕು, ಹಗಲೂ ರಾತ್ರಿ ನೀರಲ್ಲಿರತ್ತೆ. ನಿನಗ್ಯಾಕೋ?"

"ನಿಮಗೆ ಗೊತ್ತಿತ್ತಾ?" ಎಂದೆ.

"ದಿಂಬಿನ ಕವರ್ ಒಗೆಯೋಳು ನಾನಲ್ವಾ?" ಎಂದಳು ಸರೋಜ. "ನಿಮ್ಮದು ಅಂತ ಏನೋ ಒಂದು ಇರ್ಲಿ ಅಂತ ಸುಮ್ನಿದ್ವಿ."

ಸಂಜೆಯ ಹೊತ್ತಿಗೆ ಹುಳುಗಳು ಒಂದೊಂದಾಗಿ ಬಾಗಿಲು ತೆರೆದವು. ಶೀನು ನಿಟ್ಟುಸಿರು ಬಿಟ್ಟ, ನಾನೂ ಬಿಟ್ಟೆ. ಆಮೇಲೆ ವಿಚಾರಿಸಿದರೆ ನನ್ನ ಗುಟ್ಟು ಪಕ್ಕದ ಮನೆಯವರಿಗೂ ಗೊತ್ತಿತ್ತಂತೆ, ಹಾಲಿನವನಿಗೂ ಗೊತ್ತಿತ್ತಂತೆ. ಗೊತ್ತಿಲ್ಲದೆ ಇದ್ದದ್ದು ಆ ಬಸವನಹುಳುಗಳಿಗೆ ಮಾತ್ರ. ಪಾಪ, ಪರವೂರಿನವು.