ಚಲೋ ರೂಮು ಬ್ಯಾಡ್ರೀ ನಮಗ

ನಗಬಾರದ ಹೊತ್ತಿನ್ಯಾಗ ನಗಿ ಬರೋದು ನನ್ನ ಹಣೆಬರಹ. ಸತ್ತವರ ಮನಿಗೆ ಮಾತಾಡ್ಸಾಕ ಹೋದ್ರೂ ಅಲ್ಲೇ ಯಾರರ ಒಬ್ರು ಏನರ ಅಂತಾರ, ನಾ ಸೆರಗು ಬಾಯಿಗೆ ಹಿಡ್ಕೊಂಡು ಹೊರಗ ಓಡ್ತೇನಿ. ನೋಡಿದವ್ರು, ಪಾಪ, ಎಷ್ಟು ಅಳಾಕತ್ತಾಳ ಅಂತಾರ. ಒಮ್ಮೊಮ್ಮೆ ಖರೇನೂ ಅಳಾಕತ್ತಿರ್ತೇನಿ, ಎರಡೂ ಕೂಡೇ ಬರತಾವು.

ಸವಣೂರಾಗ ಖಾನಾವಳಿ ನಡಸಾಕಿ ನಾನು. ನನ್ನ ಒಲಿ ಮುಂದ ರೊಟ್ಟಿ ಬಡಿಯಾಕಿ ನಮ್ಮ ಬಾಜೂ ಮನಿ ಆಪಾ. ಆಕಿ ಗಂಡ, ನಾವೆಲ್ಲಾ ಭಾಯಿ ಅಂತಿದ್ವಿ, ಶಾರ್ಜಾದಾಗ ಅಡಗಿ ಮಾಡ್ತಿದ್ರು. ಸೂಟಿಗೆ ಬಂದಾಗೊಮ್ಮೆ ನನ್ನ ಖಾನಾವಳ್ಯಾಗ ಉಂಡು, ಎಲ್ಲಾ ಖಾಲಿ ಮಾಡಿ, ಕೈ ತೊಳಕೊಂಡು, “ಎಲ್ಲಾ ಚಲೋ ಆಗೈತಿ, ಉಪ್ಪು ಒಂಚೂರು ಕಮ್ಮಿ” ಅಂತಿದ್ರು. ಪ್ರತೀ ಸಲಾನೂ ಅದ. ನನಗ ಮೈಯೆಲ್ಲಾ ಉರೀತಿತ್ತು. ಆಪಾಗ, “ಒಮ್ಮೆ ನಿನ್ನ ಕರಕೊಂಡು ಹೋಗಿ ಅಲ್ಲೆ ಹೋಟೆಲ್ಲಿನ್ಯಾಗ ಇಡ್ತೇನಿ, ಒಲಿ ಮುಟ್ಟಬಾರದು, ಕಸಬರಗಿ ಮುಟ್ಟಬಾರದು, ಕಿಡಿಕ್ಯಾಗ ಕುಂತು ಊರು ನೋಡಬೇಕು” ಅಂತಿದ್ರು. ಹೇಳಿ ಹೋದವ್ರು ಅಲ್ಲೇ ಅಡಗಿಮನ್ಯಾಗ ಎದಿ ಹಿಡ್ಕೊಂಡು ಕುಂತವ್ರು ಏಳಲೇ ಇಲ್ಲ. ಅಲ್ಲೇ ಮಣ್ಣು ಕೊಟ್ರು. ಆಪಾ ಮಾರಿ ಸೈತ ನೋಡಲಿಲ್ಲ.

ಎರಡು ವರ್ಷ ಆಕಿ ಅದನ್ನ ಬಾಯಿಬಿಟ್ಟು ಹೇಳಲಿಲ್ಲ. ಒಂದಿನ ರೊಟ್ಟಿ ಬಡಿಯೋದು ನಿಲ್ಲಿಸಿ, “ನಾ ಒಮ್ಮೆ ಹೋಗಿ ಅವರನ್ನ ಮಲಗಿಸಿದ ಜಾಗ ನೋಡಬೇಕವ್ವಾ” ಅಂದ್ಲು. ಆಕಿ ಒಬ್ಬಾಕಿ ಹೆಂಗ ಹೋಗ್ತಾಳ? ನಾನೂ ಬರ್ತೇನಿ ಅಂದೆ. ಭಾಯಿ ಜೋಡಿ ಇರ್ತಿದ್ದ ಹಾನಗಲ್ಲಿನವನೊಬ್ಬ ಅಲ್ಲಿ ಇದ್ದ. ಆದ್ರ ಅವನು ಗಂಡಸರು ಗುಂಪಾಗಿ ಇರೋ ರೂಮಿನ್ಯಾಗ ಇರ್ತಿದ್ದ, ಅಲ್ಲೆ ನಾವು ಹೆಂಗ ಇಳಿಯೋದು? ಹಂಗಾಗಿ ಸಣ್ಣದೊಂದು, ನಮ್ಮ ಕೈಗೆ ನಿಲುಕೋ ಹೋಟೆಲ್ಲು ಹುಡುಕೋ ಕೆಲಸ ನಮ್ಮ ಕೊರಳಿಗೆ ಬಿತ್ತು.

೧. ಕನ್ಯಾ ನೋಡಿಧಂಗ

ಶಿಗ್ಗಾಂವಿ ಬಸ್‌ಸ್ಟ್ಯಾಂಡ್ ಹತ್ರ ಟಿಕೀಟು ಬುಕ್ ಮಾಡೋ ಅಂಗಡಿ ಐತಿ. ಅಂಗಡಿಯವ ಕಂಪ್ಯೂಟರಿನ್ಯಾಗ ಒಂದೊಂದ ಹೋಟೆಲ್ಲಿನ ಫೋಟೋ ತೋರಸಾಕತ್ತಿದ. ನಾನೂ ಆಪಾನೂ ಕುರ್ಚಿ ಮುಂದಕ್ಕ ಎಳಕೊಂಡು ಕುಂತ್ವಿ. ನಮಗೇನು ಹೋಟೆಲ್ಲು ನೋಡಿ ಗೊತ್ತೈತೇನ್ರಿ, ಕನ್ಯಾ ನೋಡಿ ಗೊತ್ತು.

“ಇದೇನು ಬರೇ ಮುಂದಿನಿಂದ ತೋರಸ್ತೀರಲ್ಲ, ಹಿಂದಿನಿಂದ ತೋರಸ್ರಿ” ಅಂದೆ ನಾನು.

“ಬಾಜೂಕ ಯಾರ್ಯಾರು ಅದಾರ ಕೇಳ್ರಿ” ಅಂದ್ಲು ಆಪಾ.

“ಭಾಳ ಬೆಳ್ಳಗ ಕಾಣತೈತಿ, ಪೌಡರ್ ಹಚ್ಚಿರಬೇಕು” ಅಂದೆ.

ಅಂಗಡಿಯವ ಸುಸ್ತಾಗಿ ಕನ್ನಡಕ ತಗದು ಇಟ್ಟ. “ಅಕ್ಕಾರ, ಫೋಟೋದಾಗ ಹೆಂಗೈತೋ ಹಂಗ ಇರತೈತ್ರಿ. ನಂಬ್ರಿ.”

“ನನ್ನ ಮದವಿಗೆ ಮುಂಚೆ ನನಗೂ ಒಂದು ಫೋಟೋ ತೋರಿಸಿದ್ರಪ್ಪಾ” ಅಂದೆ. “ಅದನ್ನ ನಂಬೇ ನಾ ಇವತ್ತು ಒಲಿ ಮುಂದ ಕುಂತೇನಿ.”

೨. ಒಂದು ಚುಕ್ಕಿ

ಹಂಗಾದ್ರ ಅಲ್ಲೆ ಇಳಿದು ಬಂದವ್ರು ಏನು ಬರದಾರ ಓದ್ತೇನಿ, ಬೈದಿದ್ದನ್ನೂ ಓದ್ತೇನಿ, ನೀವ ತೀರ್ಮಾನ ಮಾಡ್ರಿ ಅಂದ ಅವನು. ಭಾಳ ಅಗ್ಗಾ ಇದ್ದ ಒಂದು ಹೋಟೆಲ್ಲು ತಗದ. ಅದಕ್ಕ ಮಂದಿ ಬರೇ ಬೈದಿದ್ರು.

“ಬೆಳಿಗ್ಗೆ ಮಸೂತಿ ಬಾಂಗಿಗೆ ನಿದ್ದಿ ಹಾರಿ ಹೋಗತೈತಿ ಅಂತ ಬರದಾರ.”

“ನನಗ ಅಲಾರಾಂ ಬೇಕಾಗಿಲ್ಲ ಅಂದಂಗಾತು” ಅಂದ್ಲು ಆಪಾ.

“ರೂಮಿನ್ಯಾಗ ಟಿ.ವಿ. ಹತ್ತಂಗಿಲ್ಲಂತ.”

“ಧಾರಾವಾಹಿ ನೋಡಾಕ ಶಾರ್ಜಾಕ್ಕ ಹೋಗ್ಬೇಕೇನು?” ಅಂದೆ ನಾನು.

ಮುಂದಿಂದು ಓದಾಕ ಹೋಗಿ ಅಂಗಡಿಯವ ಲಗೂನ ಪುಟ ಸರಿಸಿದ. “ಇದು ಬ್ಯಾಡ ಬಿಡ್ರಿ, ಬ್ಯಾರೇದು ನೋಡೋಣು” ಅಂದ. ನಾ ಬಿಡ್ತೇನೇನು? ಓದ್ರೀ ಅಂದೆ. ಸಣ್ಣ ದನಿ ಮಾಡಿ ಓದಿದ. “ಹಿಂದಿನ ರೂಮು ತಗೋಬ್ಯಾಡ್ರಿ. ಕಿಡಿಕಿ ತಗದ್ರ ಖಬರಸ್ತಾನ. ಬರೇ ಗೋರಿ, ಗ್ವಾಡಿ ಹತ್ರ ಒಂದು ಬೇವಿನ ಗಿಡ, ಅಷ್ಟ. ನನ್ನ ಹೆಂಡತಿ ಹೆದರಿ ಮಲಗಲಿಲ್ಲ. ಒಂದು ಚುಕ್ಕಿನೂ ದಂಡ.”

ಆಪಾನ ಕೈ ನನ್ನ ಮೊಣಕೈ ಹಿಡೀತು. “ಬೇವಿನ ಗಿಡ ಅಂತ ಐತೇನ್ರಿ? ಇನ್ನೊಮ್ಮೆ ಓದ್ರಿ.”

ಭಾಯಿನ್ನ ಗ್ವಾಡಿ ಹತ್ರದ ಬೇವಿನ ಗಿಡದ ಬುಡಕ್ಕ ಮಲಗಿಸೇವಿ ಅಂತ ಆ ಹಾನಗಲ್ಲಿನವನು ಅವತ್ತು ಫೋನಿನ್ಯಾಗ ಅಳಕೋತ ಹೇಳಿದ್ದ. ಅಲ್ಲೇ ಕುಂತು ಅವನಿಗೆ ಫೋನ್ ಹಚ್ಚಿದ್ವಿ. ಹೋಟೆಲ್ಲಿನ ಹೆಸರು ಹೇಳಿದ್ವಿ. ಅವನು, “ಹೌದ್ರೀ ಆಪಾ, ಆ ಹೋಟೆಲ್ಲಿನ ಹಿಂದನ” ಅಂದ.

“ಇದನ್ನ ಮಾಡ್ರಿ. ಹಿಂದಿನ ರೂಮು” ಅಂದ್ಲು ಆಪಾ.

“ಆಪಾ, ಐದರಾಗ ಒಂದ ಚುಕ್ಕಿ ಕೊಟ್ಟಾರ್ರೀ!”

“ಅವರಿಗೆ ಅಲ್ಲೆ ಯಾರೂ ಇದ್ದಿಲ್ಲಪ್ಪಾ, ಅದಕ್ಕ ಒಂದು ಕೊಟ್ಟಾರ.”

ಅಂಗಡಿಯವ ಕಣ್ಣು ಒರಿಸಿಕೊಂಡು ಕಂಪ್ಯೂಟರಿನ್ಯಾಗ ತಡಕ್ಯಾಡಿದ. ಆಮ್ಯಾಲ ಕೈ ಚೆಲ್ಲಿ, “ಸಮುದ್ರ ಕಾಣೋ ರೂಮಿಗೆ ಬಟನ್ ಐತಿ, ಊರು ಕಾಣೋದಕ್ಕೂ ಐತಿ. ಇದಕ್ಕ ಬಟನ್ನ ಕೊಟ್ಟಿಲ್ರೀ” ಅಂದ.

೩. ಬಚ್ಚಲದ ಗ್ವಾಡಿ

ಬಟನ್ ಇಲ್ಲಂದ್ರ ಫೋನ್ ಮಾಡಿ ಹೇಳಬೇಕಾತು. ಅಷ್ಟರಾಗ ಹಿರೇಕೆರೂರಿಂದ ನಮ್ಮ ಭಾವ ಬಂದ್ರು. ನಮ್ಮಕ್ಕನ ಗಂಡ, ಒಮ್ಮೆ ಸಿಂಗಾಪುರಕ್ಕ ಹೋಗಿ ಬಂದವ್ರು. ಅವತ್ತಿಂದ ಬಾಜೂದ ಹಂಸಭಾವಿಗೆ ಹೋಗೋ ಮುಂದೂ ಸಿಂಗಾಪುರದ ಮಾತು ತಗೀತಾರ. “ಎಲ್ಲಾ ಬಿಡ್ರಿ, ಬಚ್ಚಲ ನೋಡ್ಕೋರಿ. ಅಲ್ಲೆ ಬಚ್ಚಲಕ್ಕ ಗಾಜಿನ ಗ್ವಾಡಿ ಇರತಾವು. ಒಳಗಿನವ್ರು ಹೊರಗಿನವ್ರಿಗೆ ಕಾಣ್ತಾರ. ನಿಮ್ಮಕ್ಕ ಸಿಂಗಾಪುರದಾಗ ಸೀರಿ ಉಟ್ಕೊಂಡ ಜಳಕಾ ಮಾಡಿದ್ಲು” ಅಂದ್ರು.

ಆಪಾ ಹೌಹಾರಿದ್ಲು. ಮತ್ತ ಶಿಗ್ಗಾಂವಿಗೆ ಹೋಗಿ ಅಂಗಡಿಯವನಿಂದ ಶಾರ್ಜಾಕ್ಕ ಫೋನ್ ಹಚ್ಚಿಸಿದ್ವಿ. ಹೋಟೆಲ್ಲಿನ ಮ್ಯಾನೇಜರ್ ಕೇರಳದಾಂವ, ಹಿಂದಿ ಮಾತಾಡ್ತಿದ್ದ. ಅಂಗಡಿಯವ ನಾಚಿಕೋತ, “ಬಚ್ಚಲದ ಗ್ವಾಡಿ ಯಾತರದ್ದು ಅಂತ ಕೇಳಾಕತ್ತಾರ್ರಿ” ಅಂದ. ಆ ಪುಣ್ಯಾತ್ಮ ವಿಡಿಯೋ ಹಚ್ಚಿ, ಬಚ್ಚಲಕ್ಕ ಹೋಗಿ, ನಾಕೂ ಗ್ವಾಡಿ ಟಕಟಕ ಬಡದು ಕೇಳಿಸಿದ. ಚಿಲಕ ಹಾಕಿ ತಗದು ತೋರಿಸಿದ.

“ಖಬರಸ್ತಾನದ್ದೂ ಹೇಳ್ರಿ” ಅಂತ ನಾ ಅಂಗಡಿಯವನಿಗೆ ತಿವಿದೆ. ಅವನು ಖಬರಸ್ತಾನ ಅನ್ನೋದರಾಗ ಮ್ಯಾನೇಜರ್, “ಗೊತ್ತಾತು ಗೊತ್ತಾತು, ಚಿಂತಿ ಮಾಡಬ್ಯಾಡ್ರಿ, ನಾ ಎಲ್ಲಾ ವ್ಯವಸ್ಥಾ ಮಾಡ್ತೇನಿ” ಅಂದು ಫೋನ್ ಇಟ್ಟ.

“ಎಷ್ಟು ಶಾಣ್ಯಾ ಮನಶಾ ನೋಡು” ಅಂದೆ ನಾನು. “ಹೇಳೋಕಿಂತ ಮೊದಲ ತಿಳಕೊಂಡ.”

೪. ಮರ್ಯಾದಿ

ಅವನು ಏನು ತಿಳಕೊಂಡಿದ್ದ ಅಂತ ಶಾರ್ಜಾಕ್ಕ ಹೋದಮ್ಯಾಲ ಗೊತ್ತಾತು. ನಮ್ಮನ್ನ ಕಂಡಕೂಡ್ಲೆ ಓಡಿ ಬಂದ. ನಮ್ಮ ಚೀಲಾ ಅವನ ಎತ್ತಿಕೊಂಡ. ಮುಂದಿನ ದೊಡ್ಡ ರೂಮಿಗೆ ಕರಕೊಂಡು ಹೋದ. ಟೇಬಲ್ ಮ್ಯಾಲ ಹಣ್ಣು ಇಟ್ಟಿದ್ದ. “ನೀವು ಹೆದರಬಾರದು ಅಂತ ಇದನ್ನ ಕೊಟ್ಟೇನಿ. ರೊಕ್ಕಾ ಜಾಸ್ತಿ ಬ್ಯಾಡ” ಅಂದು ನಗಕೋತ ಹ್ವಾದ.

ಆಪಾ ಬುರ್ಖಾನೂ ತಗೀಲಿಲ್ಲ, ಸೀದಾ ಕಿಡಿಕಿಗೆ ಹೋದ್ಲು. ಕೆಳಗ ರಸ್ತೆ, ಅಂಗಡಿ, ಝಗಮಗ ಬೋರ್ಡು. ಆ ಕಡೆ ನೋಡಿದ್ಲು, ಈ ಕಡೆ ನೋಡಿದ್ಲು. “ಎಲ್ಲೆ ಅದಾರವ್ವಾ?” ಅಂದ್ಲು. ಹಾಸಿಗಿ ಮ್ಯಾಲ ಕುಂತು ಬಿಟ್ಲು. ಆ ಮಾರಿ ನೋಡಿ ನನಗ ಸಿಟ್ಟು ಬಂತು.

ಕೆಳಗ ಓಡಿ ಹೋದೆ. ನನಗ ಬರೋ ಹಿಂದಿ ನಮ್ಮ ಸವಣೂರ ಸಂತಿ ಹಿಂದಿ. “ಚಲೋ ರೂಮು ನಕ್ಕೋ! ಹಮ್ನಾ ಖಬರಸ್ತಾನ್ ಹೋನಾ!” ಅಂತ, ಚಲೋ ರೂಮು ಬ್ಯಾಡ, ಖಬರಸ್ತಾನ ಬೇಕು ಅಂತ ಕೌಂಟರ್ ಬಡದೆ. ಅಲ್ಲೆ ಕುಂತವ್ರೆಲ್ಲಾ ತಿರುಗಿ ನೋಡಿದ್ರು. ಮ್ಯಾನೇಜರ್ ನೀರಿನ ಗ್ಲಾಸ್ ಹಿಡ್ಕೊಂಡು ಬಂದು, “ಅಮ್ಮಾ, ಕುಂತ್ಕೋರಿ. ಸಾಯೋ ಮಾತು ಯಾಕ? ಏನು ತೊಂದ್ರಿ ಆಗೈತಿ ಹೇಳ್ರಿ” ಅಂದ.

ಹೇಳಿದೆ. ಎಲ್ಲಾ ಹೇಳಿದೆ. ಅವನ ಕೈಯಾಗಿನ ನೀರು ತಾನ ಕುಡದ.

ಹಿಂದಿನ ರೂಮು ಸಣ್ಣದು. ಅದರ ಕಿಡಿಕಿ ಪಡದಾಕ್ಕ ಸುತ್ತಲೂ ಮೊಳಿ ಹೊಡದಿದ್ರು, ಯಾರೂ ಸರಿಸಬಾರದು ಅಂತ. ಮ್ಯಾನೇಜರ್ ತಾನ ಇಕ್ಕಳ ತಂದು ಸ್ಟೂಲ್ ಹತ್ತಿ ಮೊಳಿ ಕೀಳಾಕತ್ತಿದ. ಆಪಾ ಸ್ಟೂಲ್ ಹಿಡ್ಕೊಂಡು ನಿಂತಿದ್ಲು. ಪಡದಾ ಬಿತ್ತು. ಸಾಲಾಗಿ ಸಣ್ಣ ಸಣ್ಣ ಕಲ್ಲು, ಕಡೀ ಸಾಲಿನ ಹಿಂದ ಗ್ವಾಡಿ, ಗ್ವಾಡಿ ಹತ್ರ ಬೇವಿನ ಗಿಡ. ನಮ್ಮೂರ ಗಿಡದಂಗ ಇತ್ತು ನೋಡ್ರಿ, ಏನೂ ಫರಕು ಇರಲಿಲ್ಲ.

ಆಪಾ ಭಾಳ ಹೊತ್ತು ಗಾಜಿಗೆ ಹಣಿ ಹಚ್ಚಿ ನಿಂತ್ಲು. ಆಮ್ಯಾಲ ನನ್ನ ಕಡೆ ತಿರುಗಿ, “ಇವರಿಗೆ ಯಾವಾಗ್ಲೂ ಹಿಂಗ, ಹಿಂದಿನ ಬೆಂಚ ಬೇಕು” ಅಂದ್ಲು. ಮ್ಯಾನೇಜರಿಗೆ ಕನ್ನಡ ತಿಳೀಲಿಲ್ಲ. ಆದ್ರ ಅವನೂ ಸ್ಟೂಲ್ ಮ್ಯಾಲ ನಿಂತ ಕಣ್ಣು ಒರಿಸಿಕೊಂಡ.

೫. ಉಪ್ಪು

ಶುಕ್ರವಾರ ಹಾನಗಲ್ಲಿನವನು ಸೂಟಿ ತಗೊಂಡು ಬಂದ. ಗೇಟಿನ್ಯಾಗ ಪಠಾಣ ಮುದುಕ ಒಬ್ಬ ಕಾಯತಿದ್ದ. ಮೊದಲ ಹೆಂಗಸರಿಗೆ ಬಿಡಂಗಿಲ್ಲ ಅಂದ. ಆಮ್ಯಾಲ ಆಪಾನ ಮಾರಿ ನೋಡಿ, ಒಂದ ಸಲ, ಲಗೂನ ಬರ್ರಿ ಅಂದ.

ಗೋರಿ ಮ್ಯಾಲ ಹೆಸರಿಲ್ಲ, ಬರೇ ನಂಬರು. ಆಪಾ ಕುಂತು ದುವಾ ಮಾಡಿದ್ಲು. ಹೋಟೆಲ್ಲಿನ ಬಾಟ್ಲಿ ನೀರು ಮಣ್ಣಿಗೆ ಹನಿಸಿದ್ಲು. ಕೈಲೆ ಮಣ್ಣು ಸವರಿದ್ಲು, ಹಾಸಿಗಿ ಸುಕ್ಕು ತಗದಂಗ. “ಬಂದೇನ್ರಿ” ಅಂದ್ಲು. ಎರಡು ವರ್ಷ ತಡಕೊಂಡಿದ್ದು ಅವತ್ತು ಹೊರಗ ಬಂತು. ನಾನೂ ಅತ್ತೆ, ಹಾನಗಲ್ಲಿನವನೂ ಅತ್ತ.

ಮತ್ತ ನಾ ಒಂದು ಹುಚ್ಚು ಕೆಲಸ ಮಾಡಿದೆ. ನಮ್ಮಲ್ಲಿ ಸತ್ತವರಿಗೆ ಎಡಿ ಹಿಡೀತೇವಿ, ಅವರಿಗೆ ಏನು ಸೇರತಿತ್ತೋ ಅದನ್ನ ಇಡ್ತೇವಿ. ನಾ ಊರಿಂದ ತಂದ ರೊಟ್ಟಿ, ಶೇಂಗಾ ಚಟ್ನಿ ಚೀಲದಾಗ ಮುಚ್ಚಿಟ್ಕೊಂಡು ಬಂದಿದ್ದೆ. ತಗದು ಇಡಾಕ ಹೋದೆ.

“ಏ ಹುಚ್ಚಿ, ನಮ್ಮಲ್ಲಿ ಹಂಗ ಇಡಂಗಿಲ್ಲ” ಅಂದ್ಲು ಆಪಾ, ಅಳೂದರಾಗನ.

“ನನಗೇನು ಗೊತ್ತ? ನನ್ನ ಕೈಯಾಗಿಂದು ತಿಂದವ್ರು, ಬರಿಗೈಲೆ ಹೆಂಗ ಬರ್ಲಿ?” ಅಂದೆ.

“ಯಾರರ ಹಸದವರಿಗೆ ಕೊಡು. ಅವರಿಗೆ ಮುಟ್ಟತೈತಿ.”

ಗೇಟಿನ ಪಠಾಣನಿಗೆ ಕೊಟ್ಟೆ. ಅಲ್ಲೇ ಕುಂತು ರೊಟ್ಟಿ ಮುರದು ಚಟ್ನಿ ಹಚ್ಚಿ ಉಂಡ. ಎಲ್ಲಾ ಖಾಲಿ ಮಾಡಿದ. ಕೈ ಝಾಡಿಸಿಕೊಂಡು, “ಭಾಳ ಚಲೋ ಆಗೈತಿ ಬೆಹನ್. ಉಪ್ಪು ಒಂಚೂರು ಕಮ್ಮಿ” ಅಂದ.

ಆಪಾ ನನ್ನ ನೋಡಿದ್ಲು. ನಾ ಆಪಾನ್ನ ನೋಡಿದೆ. ಇಬ್ರೂ ಬೇವಿನ ಗಿಡದ ಕಡೆ ನೋಡಿದ್ವಿ. ಖಬರಸ್ತಾನದ ಗೇಟಿನ್ಯಾಗ ಇಬ್ರು ಹೆಂಗಸರು ಹೊಟ್ಟಿ ಹಿಡ್ಕೊಂಡು ನಗೋದನ್ನ ಕಂಡು ಆ ಮುದುಕ ಇನ್ನೊಮ್ಮೆ ಒಳಗ ಬಿಡ್ತಾನೇನು?

“ಮುಟ್ಟಿತು ನೋಡು” ಅಂದ್ಲು ಆಪಾ.

೬. ಐದು ಚುಕ್ಕಿ

ಉಳಿದ ದಿನ ಆಪಾ ಕಿಡಿಕ್ಯಾಗ ಕುಂತ್ಲು. ಒಲಿ ಮುಟ್ಟಲಿಲ್ಲ, ಕಸಬರಗಿ ಮುಟ್ಟಲಿಲ್ಲ. ನಾ ಊರು ನೋಡಿ ಬಾ ಅಂದ್ರ, “ಅವರು ಹೇಳಿದ್ದು ಕಿಡಿಕ್ಯಾಗ ಕುಂದ್ರು ಅಂತ” ಅಂತಿದ್ಲು. ನನ್ನ ಮಗಳ ಮದವಿ ಆಗಿದ್ದು, ಓಣ್ಯಾಗ ನಳ ಬರದಿದ್ದು, ಎಲ್ಲಾ ಗಾಜಿಗೆ ಹೇಳಿ ಮುಗಿಸಿದ್ಲು. ಹೊಂಡೋ ದಿನ ಮಾತ್ರ ಕಿಡಿಕಿ ಬಿಟ್ಟು ಬರವಲ್ಲಳು. ನಾ ಕೈ ಹಿಡದು ಎಬ್ಬಿಸಿದೆ. “ಹೋಗ್ತೇನಿ ಅನ್ನಬಾರದು” ಅಂದು, ಗಾಜು ಮುಟ್ಟಿ, “ಹೋಗಿ ಬರ್ತೇನ್ರಿ” ಅಂದ್ಲು.

ಕೆಳಗ ಮ್ಯಾನೇಜರ್ ಕೈ ಮುಗದು, “ಆಪಾ, ಎಲ್ಲಾರೂ ನಮಗ ಬೈದ ಬರದಾರ. ನೀವರ ಎರಡು ಮಾತು ಚಲೋ ಬರೀರಿ” ಅಂದ. ಆಪಾ ಹೇಳಿದ್ಲು, ಹಾನಗಲ್ಲಿನವನು ಇಂಗ್ಲಿಷಿನ್ಯಾಗ ಬರದ. ಮ್ಯಾನೇಜರ್ ಗದ್ದಲದಾಗ ಚುಕ್ಕಿ ಐದು ಅಂತಷ್ಟ ನೋಡಿ ಖುಷಿಯಾದ.

ಊರಿಗೆ ಬಂದು ಮತ್ತ ಒಲಿ ಮುಂದ ಕುಂತಿದ್ವಿ. ಒಂದಿನ ಶಿಗ್ಗಾಂವಿ ಅಂಗಡಿಯವ ಗಾಡಿ ಹತ್ತಿ ಓಡಿ ಬಂದ. “ಆಪಾ, ಏನು ಬರದು ಬಂದೀರ್ರೀ? ಆ ಮ್ಯಾನೇಜರ್ ದಿನಾ ಫೋನ್ ಮಾಡಿ ಅಳಾಕತ್ತಾನ. ಮೊದಲ ಅಗ್ಗಾ ಅಂತ ಯಾರರ ಬರ್ತಿದ್ರಂತ, ಈಗ ಆ ರೂಮಿನ ಬಾಗಲಾ ಸೈತ ಯಾರೂ ಮುಟ್ಟವಲ್ರಂತ. ಅಳಸಾಕ ಹೇಳ್ರಿ ಅಂತಾನ.”

“ಅಂಥಾದ್ದೇನು ಬರಸೇನಿ? ಇದ್ದದ್ದ ಬರಸೇನಿ.”

ಅಂಗಡಿಯವ ಮೊಬೈಲ್ ತಗದು ಓದಿದ. “ರೂಮು ಭಾಳ ಚಲೋ ಐತಿ. ಕಿಡಿಕ್ಯಾಗ ನನ್ನ ತೀರಿಕೊಂಡ ಗಂಡ ಕಾಣ್ತಾರ. ದಿನಾ ಮಾತಾಡಿದ್ವಿ. ಅವರು ಇಲ್ಲೇ ಇರ್ತಾರ, ಎಲ್ಲೂ ಹೋಗಂಗಿಲ್ಲ.”

ಖಾನಾವಳ್ಯಾಗ ಉಣ್ಣಾಕತ್ತಿದ್ದವ್ರು ತುತ್ತು ಕೈಯಾಗ ಹಿಡ್ಕೊಂಡ ಕುಂತ್ರು. ನನ್ನ ಸೆರಗು ಆಗಲೇ ಬಾಯಾಗ ಹೋಗಿತ್ತು. ಆಪಾ ಮಾತ್ರ ನಗಲಿಲ್ಲ. ರೊಟ್ಟಿ ತಿರುವಿ ಹಾಕಿ, ಕೈ ಒರಿಸಿಕೊಂಡು, ಸಾವಕಾಶ ಹೇಳಿದ್ಲು.

“ಖರೇ ಇದ್ದದ್ದನ್ನ ಯಾಕ ಅಳಸ್ಲಿ? ರೂಮು ಖಾಲಿ ಐತಿ ಅಂದ್ರ ಖಾಲೀನ ಇಡಾಕ ಹೇಳ್ರಿ, ಮತ್ತೊಮ್ಮೆ ಬರ್ತೇನಿ. ಆದ್ರ ಪಡದಾಕ್ಕ ಮತ್ತ ಮೊಳಿ ಹೊಡಿಬ್ಯಾಡ್ರಿ ಅನ್ರಿ. ನಮ್ಮನಿಯವ್ರು ನಾ ಬಂದೆನೋ ಇಲ್ಲೋ ಅಂತ ನೋಡ್ತಿರ್ತಾರ.”