ಗುಜರಿ ಗಲ್ಲಿಯ ನಲ್ಲಿ ಮತ್ತು ಚಿತ್ರೀಕರಣದ ಹಿತಾಸಕ್ತಿ

ಹಲಸೂರಿನ ಗುಜರಿ ಗಲ್ಲಿಗೆ ಕುಡಿಯುವ ನೀರಿನ ನಲ್ಲಿ ಮಂಜೂರಾದ ವಾರವೇ, ಆ ಗಲ್ಲಿಯಲ್ಲಿ ನೀರಿಲ್ಲ ಎಂಬ ಸಾಕ್ಷ್ಯಚಿತ್ರಕ್ಕೂ ಅನುದಾನ ಮಂಜೂರಾಯಿತು. ಎರಡೂ ಅಭಿವೃದ್ಧಿಯೇ ಆದ್ದರಿಂದ ಯಾರೂ ಆಕ್ಷೇಪಿಸಲಿಲ್ಲ.

ಚಿತ್ರದ ನಾಯಕಿ ದೊಡ್ಡಮುನಿಯಮ್ಮ, ಗುಜರಿ ವಿಂಗಡಿಸುವ ಹೆಂಗಸು. ಮಂಡಿ ಸವೆದಿದ್ದರೂ ದಿನಾ ಮುಖ್ಯರಸ್ತೆಯ ಟ್ಯಾಂಕರಿನಿಂದ ಕೊಡ ಹೊತ್ತು ತರುತ್ತಾಳೆ. ಇಂದಿರಾನಗರದ ‘ಅಂಚಿನ ದನಿ’ ಸಂಸ್ಥೆಯ ನಿರ್ದೇಶಕಿ ಪ್ರತಿಭಾ ಆ ಮಂಡಿಯನ್ನು ಕಂಡು ನಿಜಕ್ಕೂ ಕಣ್ಣೀರಿಟ್ಟರು. ಆಮೇಲೆ ಅದನ್ನು ಹತ್ತಿರದಿಂದ ಚಿತ್ರೀಕರಿಸಿದರು.

ಅರ್ಧ ಚಿತ್ರ ಮುಗಿದಿತ್ತು. ನೀರಿನ ಕಚೇರಿಯ ಎಂಜಿನಿಯರ್ ಭೀಮಾಶಂಕರ ಲಾರಿಯಲ್ಲಿ ಪೈಪು ಹೇರಿಕೊಂಡು ಬಂದರು.

“ಅಯ್ಯೋ ಸಾರ್, ಈಗ ನಲ್ಲಿ ಹಾಕಿದ್ರೆ ಕಂಟಿನ್ಯೂಟಿ ಹೋಗುತ್ತೆ,” ಎಂದರು ಪ್ರತಿಭಾ. “ಮುಂದೆ ಕೊಡ ಹೊತ್ಕೊಂಡು ಹೋಗ್ತಿರೋವಾಗ ಹಿಂದೆ ನಲ್ಲಿ ಕಾಣಿಸಿದ್ರೆ ನೋಡೋರು ನಂಬ್ತಾರಾ?”

“ಅದೂ ಖರೇನ ಬಿಡ್ರಿ ಮೇಡಂ.”

ಕೆಲಸ ಮಾಡಬೇಡಿ ಎಂದು ಇಷ್ಟು ಮರ್ಯಾದೆಯಿಂದ ಅವರನ್ನು ಯಾರೂ ಕೇಳಿಕೊಂಡಿರಲಿಲ್ಲ. ಮರುದಿನವೇ ಗಲ್ಲಿಯ ಗೋಡೆಗೆ ಪ್ರಕಟಣೆ ಅಂಟಿತು: ‘ಚಿತ್ರೀಕರಣದ ಹಿತಾಸಕ್ತಿಯಿಂದ ನೀರನ್ನು ಮುಂದೂಡಲಾಗಿದೆ. ನಿವಾಸಿಗಳು ಎಂದಿನಂತೆ ತೊಂದರೆ ಅನುಭವಿಸಿ ಸಹಕರಿಸತಕ್ಕದ್ದು.’

ದೊಡ್ಡಮುನಿಯಮ್ಮ ಒಂದು ದಾರಿ ಸೂಚಿಸಿದಳು. “ಮೇಡಮ್ಮಾ, ಮಂಡಿ ಕೈಕೊಡ್ತಿದೆ. ನಲ್ಲಿ ಬಂದ್ಬಿಡ್ಲಿ. ಬೇಕಾದ್ರೆ ಖಾಲಿ ಕೊಡ ಹೊತ್ಕೊಂಡು ಎಷ್ಟು ಸಲ ಹೇಳಿದ್ರೂ ನಡೀತೀನಿ.”

ಪ್ರತಿಭಾ ಅವಳ ಕೈ ಹಿಡಿದುಕೊಂಡರು. “ಬೇಡಮ್ಮ, ಅದು ಸುಳ್ಳಾಗುತ್ತೆ. ನಾವು ನಿಜಾನೇ ತೋರಿಸ್ಬೇಕು. ಈಗ ಬೆಳಕು ಚೆನ್ನಾಗಿದೆ, ಇನ್ನೊಂದ್ಸಲ ತುಂಬಿಸ್ಕೊಂಡು ಬನ್ನಿ.”

ಅವಳು ತುಂಬಿಸಿಕೊಂಡು ಬಂದಳು. ಈ ಸಲ ಕುಂಟಿದ್ದು ಹೆಚ್ಚು ಸಹಜವಾಗಿತ್ತೆಂದು ಕ್ಯಾಮೆರಾದವರೂ ಮೆಚ್ಚಿದರು.

ಚಿತ್ರದ ಮೊದಲ ಪ್ರದರ್ಶನ ಕುಕ್ ಟೌನಿನ ಒಂದು ಹವಾನಿಯಂತ್ರಿತ ಸಭಾಂಗಣದಲ್ಲಿ ನಡೆಯಿತು. ಕೊನೆಗೆ ನಾಯಕಿಯ ಕೈಗೆ ಮೈಕು ಕೊಟ್ಟರು. ಪಾಪ, ಅವಳು ಕೇಳಿದ್ದು ಒಂದೇ ಮಾತು.

“ನಮ್ ನಲ್ಲಿ ಯಾವಾಗ ಬರುತ್ತೆ?”

ಸಭೆಗೆ ಸಭೆಯೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿದ್ದ ಭೀಮಾಶಂಕರ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಉತ್ತರವನ್ನು ಯಾರೂ ಕೊಡಲಿಲ್ಲ. ಕಲೆಗೆ ಉತ್ತರ ಕೊಡುವ ಪದ್ಧತಿಯಿಲ್ಲ.

ಅಂದಿನಿಂದ ಪ್ರತಿ ಪ್ರದರ್ಶನಕ್ಕೂ ದೊಡ್ಡಮುನಿಯಮ್ಮನನ್ನು ಕಾರಿನಲ್ಲಿ ಕರೆದೊಯ್ದು ಅದೇ ಪ್ರಶ್ನೆ ಕೇಳಿಸುತ್ತಾರೆ. ಮೈಕು ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಬೇಕೆಂದೂ, ಚಪ್ಪಾಳೆಯಾದ ಮೇಲೆ ಕೈಮುಗಿಯಬೇಕೆಂದೂ ಹೇಳಿಕೊಟ್ಟಿದ್ದಾರೆ. ಪ್ರಶ್ನೆ ಚಾಲ್ತಿಯಲ್ಲಿರುವಷ್ಟು ಕಾಲ ನಲ್ಲಿ ಹಾಕತಕ್ಕದ್ದಲ್ಲ ಎಂದು ಕಚೇರಿಯೂ ನಿಯಮ ಮಾಡಿದೆ. “ಇಂಥಾ ಚಲೋ ಪ್ರಶ್ನೆ ಹಾಳ ಮಾಡಿದ್ರ ಪಾಪ ಬರ್ತದ್ರಿ,” ಎನ್ನುತ್ತಾರೆ ಭೀಮಾಶಂಕರ. ಪೈಪುಗಳು ಗಲ್ಲಿಯಲ್ಲೇ ಬಿದ್ದಿವೆ. ಟ್ಯಾಂಕರಿಗೆ ಕಾಯುವವರಿಗೆ ಕೂರಲು ಅನುಕೂಲವಾಗಿದೆ.

ಮೊನ್ನೆ ಟ್ಯಾಂಕರೂ ಬರಲಿಲ್ಲ. ಗಂಟಲು ಒಣಗಿದ ದೊಡ್ಡಮುನಿಯಮ್ಮ ಖಾಲಿ ಕೊಡವನ್ನು ನೆಲಕ್ಕೆ ಕುಕ್ಕಿ, ಗಲ್ಲಿಯ ನಡುವೆ ನಿಂತು ಕೂಗಿದಳು.

“ನಮ್ ನಲ್ಲಿ ಯಾವಾಗ ಬರುತ್ತೆ?”

ಪಕ್ಕದ ಮನೆಯ ಫಹ್ಮಿದಾ ತನ್ನ ಕೊಡ ಕೆಳಗಿಟ್ಟು ಚಪ್ಪಾಳೆ ತಟ್ಟಿದಳು. ಪೈಪಿನ ಮೇಲೆ ಕೂತಿದ್ದವರೂ ಎದ್ದು ನಿಂತು ತಟ್ಟಿದರು.

ದೊಡ್ಡಮುನಿಯಮ್ಮ ಕೈಮುಗಿದಳು.